ಬೈಯೋದಾದ್ರೆ ಅಳೆದು ಬೈಯಿರಿ

ಪ್ರೋಗ್ರಾಂ ನಿಧಾನ ಆಯ್ತು ಅಂದ ಕೂಡಲೇ ನಮ್ಮಲ್ಲಿ ಕಾರಣ ಹುಡುಕೋರು ಕಡಿಮೆ, ಅಪರಾಧೀನ ಹುಡುಕೋರೇ ಹೆಚ್ಚು. ಅದು ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಆಗಿದ್ದರಂತೂ ಹುಡುಕೋ ಕಷ್ಟವೂ ಇಲ್ಲ. "ಆ ಭಾಷೇನೇ ಸ್ಲೋ ಕಣ್ರೀ, ನಾನು ಅವತ್ತೇ ಹೇಳಿದ್ದೆ" ಅಂತ ಯಾರೋ ಒಬ್ಬರು ಶುರು ಮಾಡ್ತಾರೆ. ಹೇಳಿದವರು ಆ ಪ್ರೋಗ್ರಾಂ ಓಡೋದನ್ನ ನೋಡಿರಬೇಕು ಅಂತೇನಿಲ್ಲ, ಅದರ ಕೋಡ್ ಓದಿರಬೇಕು ಅಂತಂತೂ ಇಲ್ಲವೇ ಇಲ್ಲ. ಮೀಟಿಂಗ್ ಮುಗಿಯೋ ಹೊತ್ತಿಗೆ "ಜಾವಾದಲ್ಲಿ ಹೊಸದಾಗಿ ಬರೆದುಬಿಡೋಣ" ಅಂತ ತೀರ್ಮಾನ ಆಗಿರುತ್ತೆ. ವರ್ಷಗಟ್ಟಲೆ ಕೂತು ಬರೆದವರ ಕೆಲಸ ಒಂದು ಗಂಟೆಯ ಹರಟೆಯಲ್ಲಿ ಕಸದ ಬುಟ್ಟಿ ಸೇರಿರುತ್ತೆ.

ಈ ಲೇಖನ ಅವರ ಮೇಲಿನ ಸಿಟ್ಟಿನಿಂದ ಬರೆದದ್ದು. ಆದರೆ ಅವರ ಮೇಲೆ ಮಾತ್ರ ಅಲ್ಲ. ಮೇಜಿನ ಈಚೆ ಬದಿ ಕೂತು "ನಮ್ಮ ಕೋಡ್ ಎಷ್ಟು ಚೆಂದ, ಎಷ್ಟು ಚೊಕ್ಕ, ನಿಮಗೆ ಅರ್ಥ ಆಗಲ್ಲ ಬಿಡಿ" ಅಂತ ಮೀಸೆ ತಿರುವುವ ಹ್ಯಾಸ್ಕೆಲ್ ಭಕ್ತರ ಮೇಲೂ ಅಷ್ಟೇ ಸಿಟ್ಟಿದೆ. ಇಬ್ಬರೂ ಮಾಡದೇ ಬಿಟ್ಟ ಕೆಲಸ ಒಂದೇ. ಅಳೆಯೋದು. ಒಂದು ಪ್ರೋಗ್ರಾಂನ ಸಮಯ ಎಲ್ಲಿ ಹೋಗ್ತಾ ಇದೆ, ಮೆಮೊರಿಯನ್ನ ಯಾರು ತಿಂತಾ ಇದ್ದಾರೆ ಅಂತ ಲೆಕ್ಕ ಕೊಡೋ ಸಾಧನಕ್ಕೆ ಪ್ರೊಫೈಲರ್ ಅಂತ ಹೆಸರು. ಆ ಲೆಕ್ಕ ಮೇಜಿನ ಮೇಲೆ ಇಡದೆ, ಪ್ರೋಗ್ರಾಂ ಯಾಕೆ ನಿಧಾನ ಅಂತ ತೀರ್ಪು ಕೊಡೋ ಹಕ್ಕು ಯಾರಿಗೂ ಇಲ್ಲ. ಮ್ಯಾನೇಜರಿಗೂ ಇಲ್ಲ, ಬರೆದವರಿಗೂ ಇಲ್ಲ. ನನ್ನ ವಾದ ಇಷ್ಟೇ.

"ಇಪ್ಪತ್ತು ವರ್ಷದ ಅನುಭವ ಇದೆ ಸ್ವಾಮಿ, ನೋಡಿದ್ರೆ ಗೊತ್ತಾಗುತ್ತೆ" ಅನ್ನೋರಿಗೆ ಒಂದು ಹಳೇ ಲೆಕ್ಕ ನೆನಪಿಸಬೇಕು. 1971ರಲ್ಲಿ ಡೊನಾಲ್ಡ್ ಕ್ನೂತ್ ಒಂದಷ್ಟು ನಿಜವಾದ ಫೋರ್ಟ್ರಾನ್ ಪ್ರೋಗ್ರಾಂಗಳನ್ನ ಒಟ್ಟು ಮಾಡಿ ಅಳೆದು ನೋಡಿದರು. ಸಾಮಾನ್ಯವಾಗಿ ಪ್ರೋಗ್ರಾಂನ ಶೇಕಡಾ 4ಕ್ಕಿಂತ ಕಡಿಮೆ ಭಾಗವೇ ಅದರ ಅರ್ಧಕ್ಕಿಂತ ಹೆಚ್ಚು ಸಮಯವನ್ನ ನುಂಗ್ತಾ ಇತ್ತು. ಅಂದ್ರೆ ನೂರು ಸಾಲಿನಲ್ಲಿ ನಾಲ್ಕು ಸಾಲು ಹಿಡಿದರೆ ಅರ್ಧ ಕೆಲಸ ಮುಗೀತು. ಸಮಸ್ಯೆ ಏನಪ್ಪಾ ಅಂದ್ರೆ ಆ ನಾಲ್ಕು ಸಾಲು ಯಾವುದು ಅನ್ನೋದು. ಅಂದಾಜಿನ ಮೇಲೆ ಹೋದವರು ಉಳಿದ ತೊಂಬತ್ತಾರರಲ್ಲಿ ಕೈ ಹಾಕಿ ವಾರಗಟ್ಟಲೆ ಕೆದಕ್ತಾರೆ. ಇದು ಫೋರ್ಟ್ರಾನ್ ಕಥೆ, ನೆನಪಿರಲಿ. ಬರೆದ ಕ್ರಮದಲ್ಲೇ ಒಂದಾದ ಮೇಲೊಂದು ಸಾಲು ಓಡೋ ಭಾಷೆ ಅದು. ಅಲ್ಲೇ ಈ ಪಾಡು.

ಹ್ಯಾಸ್ಕೆಲ್‌ನಲ್ಲಿ ಬರೆದ ಕ್ರಮಕ್ಕೂ ಓಡೋ ಕ್ರಮಕ್ಕೂ ಸಂಬಂಧವೇ ಇರಬೇಕಿಲ್ಲ. ಅದು ಸೋಮಾರಿ ಭಾಷೆ. ಬೈಗುಳ ಅಲ್ಲ, ಅದರ ಗುಣಕ್ಕೆ ಇಂಗ್ಲಿಷಿನಲ್ಲೂ ಲೇಜಿ ಅಂತಲೇ ಹೆಸರು. ನಮ್ಮ ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡ್ ಇರುತ್ತಲ್ಲ, ಹ್ಯಾಸ್ಕೆಲ್ ಅದಕ್ಕೆ ತದ್ವಿರುದ್ಧ. ಅಲ್ಲಿ ಇಂದು ಉದ್ರಿ, ನಾಳೆ ಬೇಕಾದ್ರೆ ನಗದು. ಎರಡು ಸಂಖ್ಯೆ ಕೂಡಿಸು ಅಂದ್ರೆ ಆ ಕ್ಷಣಕ್ಕೆ ಕೂಡಿಸಲ್ಲ. "ಇವೆರಡನ್ನ ಕೂಡಿಸಬೇಕು" ಅಂತ ಒಂದು ಚೀಟಿ ಬರೆದು ಇಟ್ಟುಕೊಳ್ಳುತ್ತೆ. ಆ ಚೀಟಿಗೆ ಥಂಕ್ ಅಂತ ಹೆಸರು. ಮುಂದೆ ಯಾರಾದರೂ ಉತ್ತರ ಕೇಳಿದಾಗ ಮಾತ್ರ ಚೀಟಿ ತೆಗೆದು ಲೆಕ್ಕ ಮಾಡುತ್ತೆ. ಯಾರೂ ಕೇಳದಿದ್ದರೆ ಆ ಕೆಲಸ ಮಾಡೋದೇ ಇಲ್ಲ. ಬಹಳ ಕಡೆ ಇದು ವರ. ಬೇಡದ ಕೆಲಸ ತಾನಾಗಿ ತಪ್ಪುತ್ತೆ, ಕೊನೆಯೇ ಇಲ್ಲದ ಲಿಸ್ಟನ್ನೂ ಧೈರ್ಯವಾಗಿ ಬರೀಬಹುದು.

ಆದರೆ ಉದ್ರಿ ಪುಸ್ತಕ ಯಾರೂ ನೋಡದೆ ಬೆಳೆದರೆ ಅಂಗಡಿ ಮುಳುಗುತ್ತೆ. ಒಂದು ಸಣ್ಣ ಉದಾಹರಣೆ ತಗೊಳ್ಳಿ. ದೊಡ್ಡದೊಂದು ಲಾಗ್ ಫೈಲಿನಲ್ಲಿ ಯಾವ ಪದ ಎಷ್ಟು ಸಲ ಬಂತು ಅಂತ ಎಣಿಸಬೇಕು. ಹ್ಯಾಸ್ಕೆಲ್‌ನ ಮ್ಯಾಪ್ ಅನ್ನೋ ಕೋಷ್ಟಕ ಬಳಸಿ, ಪದ ಸಿಕ್ಕಾಗೆಲ್ಲ ಅದರ ಎಣಿಕೆಗೆ ಒಂದು ಕೂಡಿಸು ಅಂತ ಬರೀತೀರಿ. ನಾಲ್ಕೈದು ಸಾಲು, ಓದೋಕೆ ಕಣ್ಣಿಗೆ ಹಬ್ಬ. ಆದರೆ ಮಾಮೂಲಿ ಮ್ಯಾಪ್ ಸೋಮಾರಿ ಮ್ಯಾಪ್. ಒಂದು ಪದ 10 ಲಕ್ಷ ಸಲ ಬಂದರೆ ಅಲ್ಲಿ 10 ಲಕ್ಷ ಅನ್ನೋ ಒಂದು ಸಂಖ್ಯೆ ಇರಲ್ಲ. ಒಂದಕ್ಕೆ ಒಂದು, ಅದಕ್ಕೆ ಮತ್ತೊಂದು ಅಂತ 10 ಲಕ್ಷ ಕೊಂಡಿಯ ಚೀಟಿಗಳ ಸರಪಳಿ ನೇತಾಡ್ತಾ ಇರುತ್ತೆ. ಕೊನೆಗೆ ಉತ್ತರ ಪ್ರಿಂಟ್ ಮಾಡೋ ಹೊತ್ತಿಗೆ ಅಷ್ಟೂ ಸಾಲ ಒಟ್ಟಿಗೆ ತೀರಿಸಬೇಕು.

ಈಗ ಅಂದಾಜು ಮಾಡೋರನ್ನ ಕರೀರಿ. ಎಣಿಸೋ ಹಂತ ಸಲೀಸಾಗಿ ಮುಗೀತು, ಪ್ರಿಂಟ್ ಮಾಡೋ ಹಂತದಲ್ಲಿ ಒದ್ದಾಡ್ತಾ ಇದೆ. ಒಬ್ಬರು "ಪ್ರಿಂಟಿಂಗ್ ಪ್ರಾಬ್ಲಮ್" ಅಂತಾರೆ. ಇನ್ನೊಬ್ಬರು "ಮೆಮೊರಿ ಸಾಲದು, ಸರ್ವರ್ ದೊಡ್ಡದು ಮಾಡಿ" ಅಂತಾರೆ. ಮೂರನೆಯವರು ಭಾಷೆ ಬದಲಿಸಿ ಅಂತಾರೆ. ಮೂವರೂ ತಪ್ಪು. ಸಾಲ ಹುಟ್ಟಿದ್ದು ಎಣಿಸೋ ಜಾಗದಲ್ಲಿ. ಮದ್ದು ಏನು ಗೊತ್ತಾ? ಅದೇ ಲೈಬ್ರರಿಯಲ್ಲಿ ಪ್ರತಿ ಎಣಿಕೆಯನ್ನೂ ಆಗಿಂದಾಗ್ಗೆ ನಗದು ಮಾಡೋ ಸ್ಟ್ರಿಕ್ಟ್ ಮ್ಯಾಪ್ ಇದೆ. ಪ್ರೋಗ್ರಾಂನ ತಲೆಯಲ್ಲಿರೋ ಇಂಪೋರ್ಟ್ ಸಾಲಿಗೆ "ಸ್ಟ್ರಿಕ್ಟ್" ಅನ್ನೋ ಒಂದು ಪದ ಸೇರಿಸಿದರೆ ಮುಗೀತು. ಒಂದು ಪದದ ರಿಪೇರಿಗೆ ಒಂದು ವರ್ಷದ ರೀರೈಟ್ ಮಾಡೋರಿಗೆ ಏನನ್ನಬೇಕು ನೀವೇ ಹೇಳಿ.

ಕೆಲಸ ಬರೆದದ್ದು ಒಂದು ಕಡೆ, ನಡೆಯೋದು ಇನ್ನೊಂದು ಕಡೆ. ಹಾಗಿದ್ದಾಗ ಖರ್ಚನ್ನ ಯಾರ ಖಾತೆಗೆ ಹಾಕಬೇಕು? ಈ ಪ್ರಶ್ನೆ ಹ್ಯಾಸ್ಕೆಲ್ ಕಟ್ಟಿದವರಿಗೆ ಹೊಳೆದಿರಲಿಲ್ಲ ಅಂದುಕೊಂಡಿದ್ದೀರಾ? ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಕಾಲಿನ್ ರನ್ಸಿಮನ್ ಮತ್ತು ಡೇವಿಡ್ ವೇಕ್ಲಿಂಗ್ 1993ರಲ್ಲೇ, ಸೋಮಾರಿ ಭಾಷೆಯ ಪ್ರೋಗ್ರಾಂ ಓಡುವಾಗ ಮೆಮೊರಿಯಲ್ಲಿ ಯಾವ ಕ್ಷಣಕ್ಕೆ ಏನೇನು ತುಂಬಿದೆ ಅಂತ ಚಿತ್ರ ಬರೆದು ತೋರಿಸೋ ಹೀಪ್ ಪ್ರೊಫೈಲರ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಜಿಎಚ್‌ಸಿ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದಕ್ಕಾಗಿ ಪ್ಯಾಟ್ರಿಕ್ ಸ್ಯಾನ್ಸಮ್ ಮತ್ತು ಸೈಮನ್ ಪೇಟನ್ ಜೋನ್ಸ್ 1995ರಲ್ಲಿ ಖರ್ಚು ಹಂಚೋ ಕ್ರಮವನ್ನೇ ಕರಾರುವಾಕ್ಕಾಗಿ ಬರೆದಿಟ್ಟರು. ಅದಕ್ಕೆ ಕಾಸ್ಟ್ ಸೆಂಟರ್ ಅಂತ ಹೆಸರು. ಅದರ ನಿಯಮ ನಮ್ಮ ಅಂಗಡಿ ಶೆಟ್ಟರಿಗೂ ಒಪ್ಪಿಗೆ ಆಗೋ ಥರದ್ದು. ಪ್ರತಿ ಚೀಟಿಯ ಮೇಲೂ ಅದನ್ನ ಬರೆಸಿದವನ ಹೆಸರಿರುತ್ತೆ. ಮುಂದೆ ಯಾರೇ ಬಂದು ಅದನ್ನ ನಗದು ಮಾಡಿಸಿದರೂ ಖರ್ಚು ಬೀಳೋದು ಬರೆಸಿದವನ ಖಾತೆಗೆ. ಮೇಲಿನ ಉದಾಹರಣೆಯಲ್ಲಿ ಪ್ರೊಫೈಲರ್ ಪ್ರಿಂಟ್ ಮಾಡಿದವನನ್ನ ಬಿಟ್ಟು ಎಣಿಸಿದವನ ಕಡೆ ಬೆರಳು ತೋರಿಸುತ್ತೆ.

ಇಷ್ಟಕ್ಕೇ ನಿಲ್ಲಲಿಲ್ಲ. 1996ರಲ್ಲಿ ನಿಕ್ಲಾಸ್ ರೋಯೆಮೊ ಮತ್ತು ರನ್ಸಿಮನ್ ಸೇರಿ ಮೆಮೊರಿಯಲ್ಲಿರೋ ಪ್ರತಿ ವಸ್ತುವಿನ ಜಾತಕ ಬರೆಯೋ ವಿಧಾನ ಕೊಟ್ಟರು. ಹುಟ್ಟಿ ಮೊದಲ ಬಳಕೆಯವರೆಗೆ ಸುಮ್ಮನೆ ಕಾಯೋ ಕಾಲ ಲ್ಯಾಗ್. ಬಳಕೆಯಲ್ಲಿರೋ ಕಾಲ ಯೂಸ್. ಕೊನೆಯ ಬಳಕೆ ಮುಗಿದ ಮೇಲೂ ಜಾಗ ಬಿಡದೆ ಕೂತಿರೋ ಕಾಲ ಡ್ರ್ಯಾಗ್. ಹುಟ್ಟಿದಾಗಿಂದ ಸಾಯೋವರೆಗೂ ಯಾರೂ ಮುಟ್ಟದೆ ಹೋದದ್ದು ವಾಯ್ಡ್. ಇವೆಲ್ಲ ಇವತ್ತಿಗೂ ಜಿಎಚ್‌ಸಿ ಜೊತೆಗೇ ಪುಕ್ಕಟೆ ಬರುತ್ತೆ. ಇಷ್ಟು ವರ್ಷದಿಂದ ಮೇಜಿನ ಮೇಲೆ ತಕ್ಕಡಿ ಇದೆ. ಎತ್ತಿ ಹಿಡಿಯೋರಿಲ್ಲ.

"ಪ್ರೊಫೈಲಿಂಗ್ ಅಂದ್ರೆ ದೊಡ್ಡ ತಲೆನೋವು, ಡೆಡ್‌ಲೈನ್ ಇದೆ" ಅನ್ನೋರು ಇದ್ದಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ, ಒಪ್ತೀನಿ. ಪೂರ್ತಿ ಪ್ರೊಫೈಲ್ ಬೇಕು ಅಂದ್ರೆ ನಿಮ್ಮ ಪ್ರೋಗ್ರಾಂ ಜೊತೆ ಅದು ಬಳಸೋ ಲೈಬ್ರರಿಗಳನ್ನೂ ಪ್ರೊಫೈಲಿಂಗ್‌ಗೆ ಅಂತಲೇ ಮತ್ತೊಮ್ಮೆ ಕಂಪೈಲ್ ಮಾಡಬೇಕು. ದೊಡ್ಡ ಪ್ರಾಜೆಕ್ಟ್ ಆದರೆ ಊಟ ಮುಗಿಸಿ ಬಂದರೂ ಮುಗಿದಿರಲ್ಲ. ಆದರೆ ಮೊದಲ ಹೆಜ್ಜೆಗೆ ಅದೂ ಬೇಡ. ಪ್ರೋಗ್ರಾಂ ಓಡಿಸುವಾಗ ರನ್‌ಟೈಮಿಗೆ ಎಸ್ ಅನ್ನೋ ಒಂದಕ್ಷರದ ಸೂಚನೆ ಕೊಟ್ಟರೆ ಸಾಕು, ಕೊನೆಯಲ್ಲಿ ಪುಟ್ಟ ವರದಿ ಬರುತ್ತೆ. ನಿಜವಾದ ಕೆಲಸಕ್ಕೆ ಎಷ್ಟು ಸಮಯ ಹೋಯ್ತು, ಬೇಡದ ಮೆಮೊರಿ ಗುಡಿಸೋ ಗಾರ್ಬೇಜ್ ಕಲೆಕ್ಟರ್‌ಗೆ ಎಷ್ಟು ಹೋಯ್ತು, ಗರಿಷ್ಠ ಎಷ್ಟು ಮೆಮೊರಿ ಜೀವಂತ ಇತ್ತು, ಎಲ್ಲ ಒಂದೇ ಪುಟದಲ್ಲಿ. ಗುಡಿಸೋದಕ್ಕೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಗ್ತಾ ಇದ್ದರೆ ಉದ್ರಿ ಪುಸ್ತಕ ನೋಡಿ. ಗುಡಿಸೋ ಸಮಯ ಕಡಿಮೆ ಇದ್ದೂ ನಿಧಾನ ಅಂದ್ರೆ ಲೆಕ್ಕದ ವಿಧಾನ ನೋಡಿ. ಈ ಎರಡು ದಾರಿ ಬೇರೆ ಮಾಡೋಕೆ ಎರಡು ನಿಮಿಷ ಸಾಕು. ಎರಡು ನಿಮಿಷ ಇಲ್ಲದವರಿಗೆ ಆರು ತಿಂಗಳ ರೀರೈಟ್‌ಗೆ ಸಮಯ ಎಲ್ಲಿಂದ ಬರುತ್ತೆ?

ಈ ವರದಿ ಓದೋದರಲ್ಲೂ ಒಂದು ಮೂಢನಂಬಿಕೆ ಇದೆ. ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಮೆಮೊರಿ ಹಂಚಲಾಯಿತು ಅಂತ ಇರುತ್ತೆ. ಅಲ್ಲಿ 40 ಗಿಗಾಬೈಟ್ ಅಂತ ಕಂಡರೆ ಸಾಕು, "ಅಯ್ಯೋ, ನಮ್ಮ ಸರ್ವರ್ರಲ್ಲಿ ಇರೋದೇ 16!" ಅಂತ ಬೊಬ್ಬೆ. ಸ್ವಾಮಿ, ಅದು ದಿನವಿಡೀ ಹೋಟೆಲಲ್ಲಿ ತೊಳೆದ ಲೋಟಗಳ ಒಟ್ಟು ಲೆಕ್ಕ, ಒಂದೇ ಸಲಕ್ಕೆ ಮೇಜಿನ ಮೇಲೆ ಇದ್ದ ಲೋಟಗಳ ಲೆಕ್ಕ ಅಲ್ಲ. ಹ್ಯಾಸ್ಕೆಲ್‌ನಲ್ಲಿ ಹೊಸ ಮೆಮೊರಿ ಕೊಡೋದು ಅಂದ್ರೆ ಒಂದು ಗುರುತನ್ನ ಸ್ವಲ್ಪ ಮುಂದಕ್ಕೆ ಸರಿಸೋದು ಅಷ್ಟೇ, ಬಹಳ ಅಗ್ಗ. ಸೆಕೆಂಡಿಗೆ ಒಂದು ಗಿಗಾಬೈಟ್ ಹಂಚೋದು ಅಲ್ಲಿ ಮಾಮೂಲು. ಅದರ ಮಾಮೂಲಿ ಕಲೆಕ್ಟರ್ ಸತ್ತದ್ದನ್ನ ಮುಟ್ಟೋದೇ ಇಲ್ಲ, ಬದುಕಿರೋದನ್ನ ಮಾತ್ರ ಬೇರೆ ಜಾಗಕ್ಕೆ ನಕಲು ಮಾಡುತ್ತೆ. ಹಾಗಾಗಿ ಹುಟ್ಟಿದ ಕೂಡಲೇ ಸಾಯೋ ಕಸಕ್ಕೆ ಖರ್ಚು ಅತ್ಯಲ್ಪ. ಸಾಯದೆ ಉಳಿದ ವಸ್ತುಗಳಿಗೆ ಖರ್ಚು ಜಾಸ್ತಿ. ನೋಡಬೇಕಾದ್ದು ಒಟ್ಟು ಹಂಚಿಕೆಯನ್ನಲ್ಲ, ಗರಿಷ್ಠ ಜೀವಂತ ಮೆಮೊರಿಯನ್ನ. ಈ ವ್ಯತ್ಯಾಸ ಗೊತ್ತಿಲ್ಲದೆ ವರದಿ ಹಿಡಿದು ಕೂಗಾಡೋದಕ್ಕಿಂತ ವರದಿ ಇಲ್ಲದಿರೋದೇ ವಾಸಿ.

ಇನ್ನು ಭಾಷೆಯ ತಪ್ಪೇ ಅಲ್ಲದ ನಿಧಾನ. ಲಿಸ್ಟಿನಲ್ಲಿ ಎರಡೆರಡು ಸಲ ಬಂದದ್ದನ್ನ ತೆಗೆಯೋಕೆ ಹ್ಯಾಸ್ಕೆಲ್‌ನಲ್ಲಿ ನಬ್ ಅನ್ನೋ ಸಿದ್ಧ ಫಂಕ್ಷನ್ ಇದೆ. ಮೂರಕ್ಷರದ ಹೆಸರು, ಬರೆಯೋಕೆ ಹಿತ. ಆದರೆ ಅದು ಪ್ರತಿಯೊಂದನ್ನೂ ಹಿಂದೆ ಬಂದ ಎಲ್ಲದರ ಜೊತೆ ಹೋಲಿಸಿ ನೋಡುತ್ತೆ. ಬೇರೆ ಬೇರೆಯಾದ 1 ಲಕ್ಷ ಹೆಸರು ಕೊಟ್ಟರೆ ಸುಮಾರು 500 ಕೋಟಿ ಹೋಲಿಕೆ. ಅದೇ ಕೆಲಸಕ್ಕೆ ಸೆಟ್ ಬಳಸಿದರೆ ಹೆಸರಿಗೆ ಹದಿನೇಳರಂತೆ 17 ಲಕ್ಷದ ಆಸುಪಾಸು. ಪ್ರೊಫೈಲರ್ ಓಡಿಸಿದರೆ ಆ ಒಂದೇ ಫಂಕ್ಷನ್ ಮುಂದೆ ಸಮಯದ ಸಿಂಹಪಾಲು ಬರೆದು ಕೈಗೆ ಕೊಡುತ್ತೆ. ಓಡಿಸದೆ ಜಾವಾಕ್ಕೆ ಹೋದವರು ಏನು ಮಾಡ್ತಾರೆ? ಅದೇ ಒಂದರೊಳಗೊಂದು ಎರಡು ಲೂಪ್ ಬರೀತಾರೆ. 500 ಕೋಟಿ ಹೋಲಿಕೆ ಹೊಸ ಭಾಷೆಯಲ್ಲೂ 500 ಕೋಟಿಯೇ. ಮನೆ ಬದಲಿಸಿದರೆ ರೋಗ ವಾಸಿ ಆಗಲ್ಲ, ರೋಗಿ ಜೊತೆ ಅದೂ ಲಾರಿ ಹತ್ತುತ್ತೆ.

ಕನ್ನಡದವರಾದ ನಮಗೆ ನೇರವಾಗಿ ತಟ್ಟೋ ಇನ್ನೊಂದು ಉದಾಹರಣೆ ಕೊಡ್ತೀನಿ. ಹ್ಯಾಸ್ಕೆಲ್‌ನ ಮಾಮೂಲಿ ಸ್ಟ್ರಿಂಗ್ ಅಂದ್ರೆ ಅಕ್ಷರಗಳ ಲಿಸ್ಟ್, ರೈಲಿನ ಬೋಗಿಗಳ ಹಾಗೆ ಒಂದಕ್ಕೊಂದು ಕೊಂಡಿ. 64 ಬಿಟ್ ಕಂಪ್ಯೂಟರ್‌ನಲ್ಲಿ ಜಿಎಚ್‌ಸಿ ಒಂದೊಂದು ಕೊಂಡಿಗೆ 24 ಬೈಟ್ ತಗೊಳ್ಳುತ್ತೆ. ಕೊಂಡಿ ತೋರಿಸೋ ಅಕ್ಷರಕ್ಕೆ ಬೇರೆ 16 ಬೈಟ್. ಇಂಗ್ಲಿಷ್ ಅಕ್ಷರಗಳಿಗೆ ಒಂದು ರಿಯಾಯಿತಿ ಇದೆ: ಯೂನಿಕೋಡ್‌ನ ಮೊದಲ 256 ಅಕ್ಷರಗಳನ್ನ ಮೊದಲೇ ಸಿದ್ಧ ಮಾಡಿಟ್ಟು ಎಲ್ಲರೂ ಹಂಚಿಕೊಳ್ಳೋ ಹಾಗೆ ಮಾಡಿರ್ತಾರೆ, ಹಾಗಾಗಿ ಆ 16 ಉಳಿಯುತ್ತೆ. ಕನ್ನಡದ ಅಕ್ಷರಗಳು ಆ ಪಟ್ಟಿಯಲ್ಲಿಲ್ಲ, ಪೂರ್ತಿ 40 ಬೈಟ್ ಕಟ್ಟಬೇಕು. "ಕನ್ನಡ" ಅನ್ನೋ ಪದ ಯೂನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ, ನ, ಡ, ಒಟ್ಟು ಐದು. ಸ್ಟ್ರಿಂಗ್ ಆಗಿ ಇಟ್ಟರೆ 200 ಬೈಟ್. ಯುಟಿಎಫ್-8ರಲ್ಲಿ ಅಕ್ಷರಗಳಿಗೆ ಬೇಕಾದ್ದು 15. ಕನ್ನಡ ನಿಘಂಟೋ, ಮತದಾರರ ಪಟ್ಟಿಯೋ ಓದಿಸೋ ಪ್ರೋಗ್ರಾಂ ಮೆಮೊರಿ ನುಂಗಿ ಒದ್ದಾಡಿದರೆ "ಕನ್ನಡಕ್ಕೆ ಕಂಪ್ಯೂಟರ್ ಒಗ್ಗಲ್ಲ" ಅಂತ ಮೂಗು ಮುರಿಯೋರೂ ಸಿಗ್ತಾರೆ. ಹೀಪ್ ಪ್ರೊಫೈಲ್ ತೆಗೆದು ನೋಡಿ, ಲಿಸ್ಟ್ ಮತ್ತು ಅಕ್ಷರ ಅನ್ನೋ ಎರಡು ಪದರ ಗುಡ್ಡದ ಹಾಗೆ ಎದ್ದು ನಿಂತಿರುತ್ತೆ. ಸ್ಟ್ರಿಂಗ್ ಬಿಟ್ಟು ಟೆಕ್ಸ್ಟ್ ಅನ್ನೋ ಲೈಬ್ರರಿ ಬಳಸಿದರೆ ಆ ಗುಡ್ಡ ಕರಗುತ್ತೆ. 2021ರ ಡಿಸೆಂಬರಿನಲ್ಲಿ ಬಂದ ಅದರ ಎರಡನೇ ಆವೃತ್ತಿಯಿಂದ ಅದು ಒಳಗೂ ಯುಟಿಎಫ್-8 ಆಗಿಯೇ ಇಟ್ಟುಕೊಳ್ಳುತ್ತೆ. ತಪ್ಪು ಭಾಷೆಯದ್ದಲ್ಲ, ಕನ್ನಡದ್ದಂತೂ ಅಲ್ಲವೇ ಅಲ್ಲ. ಗೋಣಿಚೀಲ ಬೇಕಾದ ಕಡೆ ಒಂದೊಂದು ಕಾಳಿಗೂ ಒಂದೊಂದು ಡಬ್ಬಿ ಇಟ್ಟದ್ದರ ಫಲ ಅದು.

ಈಗ ಭಕ್ತರ ಸರದಿ. ಇವರಿಗೆ ನಿಧಾನ ಅನ್ನೋ ಪದ ಕೇಳಿದರೆ ಅವಮಾನ ಆದ ಹಾಗೆ. ಮೊದಲ ವರಸೆ: "ಅಲ್ಗಾರಿದಂ ಸರಿ ಇದೆ, ಮಿಕ್ಕದ್ದು ಕಂಪೈಲರ್ ನೋಡಿಕೊಳ್ಳುತ್ತೆ." ಕಂಪೈಲರ್ ಜಾಣ ನಿಜ, ಎಷ್ಟೋ ಉದ್ರಿಯನ್ನ ತಾನೇ ಪತ್ತೆ ಹಚ್ಚಿ ನಗದು ಮಾಡುತ್ತೆ. ಎಷ್ಟೋ ಕಡೆ ಬಿಟ್ಟೂಬಿಡುತ್ತೆ. ಎಲ್ಲಿ ಬಿಟ್ಟಿತು ಅಂತ ನೋಡೋದು ನಿಮ್ಮ ಕೆಲಸ. ಎರಡನೇ ವರಸೆ ಇನ್ನೂ ಮಜಾ. ಹ್ಯಾಸ್ಕೆಲ್‌ನಲ್ಲಿ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ "ಇದನ್ನ ಈಗಲೇ ನಗದು ಮಾಡು" ಅಂತ ಅರ್ಥ, ಬ್ಯಾಂಗ್ ಅಂತಾರೆ. ನಿಧಾನ ಅಂದ ಕೂಡಲೇ ಇವರು ಫೈಲ್ ತುಂಬ ಬ್ಯಾಂಗ್ ಚೆಲ್ತಾರೆ. ಹೊಸ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಹಾಗೆ. ಕಟ್ಟಿದ ಮೇಲೆ ಗಾಡಿ ಓಡ್ತಾ ಇದೆಯಲ್ಲ, ಅಂದ್ರೆ ಕೆಲಸ ಮಾಡ್ತು!

ಬ್ಯಾಂಗ್ ಏನು ಮಾಡುತ್ತೆ ಅಂತ ಮಾತ್ರ ಕೇಳಬೇಡಿ. ಮೊತ್ತ ಮತ್ತು ಎಣಿಕೆ ಎರಡನ್ನೂ ಒಂದು ಜೋಡಿಯಲ್ಲಿಟ್ಟು ಸರಾಸರಿ ಹಾಕ್ತಾ ಹೋಗ್ತೀರಿ ಅಂತಿಟ್ಟುಕೊಳ್ಳಿ. ಜೋಡಿಯ ಮುಂದೆ ಬ್ಯಾಂಗ್ ಹಾಕಿದರೆ ಅದು ಚೀಲದ ಬಾಯಿ ಬಿಚ್ಚಿ "ಹೌದು, ಇದು ಜೋಡಿಯೇ" ಅಂತ ನೋಡಿ ಸುಮ್ಮನಾಗುತ್ತೆ. ಒಳಗಿನ ಮೊತ್ತ, ಎಣಿಕೆ ಎರಡೂ ಚೀಟಿಯಾಗಿಯೇ ಬೆಳೀತಾ ಹೋಗುತ್ತೆ. ಬ್ಯಾಂಗ್ ಬೇಕಾಗಿದ್ದದ್ದು ಒಳಗಿನ ಎರಡಕ್ಕೆ. ಇನ್ನೊಂದು ಕಡೆ, ಯಾರೂ ಎಂದೂ ಕೇಳದೇ ಇದ್ದ ಲೆಕ್ಕಕ್ಕೆ ಬ್ಯಾಂಗ್ ಹಾಕಿ, ಮಾಡದೇ ಉಳೀತಿದ್ದ ಕೆಲಸವನ್ನ ಎಳೆದು ತಂದು ಮಾಡಿಸ್ತಾರೆ. ಪ್ರೋಗ್ರಾಂ ಮೊದಲಿಗಿಂತ ನಿಧಾನ ಆಗುತ್ತೆ. ಅಳೆಯದ ಕಾರಣ ಅದೂ ಗೊತ್ತಾಗಲ್ಲ. ತರ್ಕ, ಗಣಿತ, ಪುರಾವೆ ಅಂತ ಮಾತುಮಾತಿಗೆ ಹೇಳೋ ಮಂದಿಯೇ ಹೀಗೆ ಮಾಟ ಮಂತ್ರಕ್ಕೆ ಇಳಿದರೆ ಆಚೆ ಬದಿಯವರನ್ನ ಯಾವ ಮುಖ ಇಟ್ಟುಕೊಂಡು ಬೈಯೋದು?

ಪ್ರೊಫೈಲರ್ ದೇವರ ವಾಣಿ ಅಂತಲೂ ನಾನು ಹೇಳ್ತಾ ಇಲ್ಲ. ತಕ್ಕಡಿಗೂ ಅದರದ್ದೇ ದೋಷ ಇದೆ. ಪ್ರತಿ ಫಂಕ್ಷನ್‌ಗೂ ಕಾಸ್ಟ್ ಸೆಂಟರ್ ಕಟ್ಟಿದರೆ, ಕಂಪೈಲರ್ ಎರಡು ಫಂಕ್ಷನ್‌ಗಳನ್ನ ಬೆಸೆದು ಚುರುಕು ಮಾಡ್ತಿದ್ದ ಜಾಗಗಳಲ್ಲಿ ಗೋಡೆ ಎದ್ದ ಹಾಗೆ ಆಗುತ್ತೆ. ಆಗ ನೀವು ಅಳೆಯೋದು ಗಿರಾಕಿಗೆ ಕೊಡೋ ಪ್ರೋಗ್ರಾಂ ಅಲ್ಲ, ಅದರ ಮಂದಗತಿಯ ತಮ್ಮನನ್ನ. ಹಾಗಾಗಿ ಎಲ್ಲದಕ್ಕೂ ಕಟ್ಟದೆ, ಅನುಮಾನ ಇರೋ ದೊಡ್ಡ ಭಾಗಗಳಿಗೆ ಮೊದಲು ಕಟ್ಟಿ, ಆಮೇಲೆ ಒಳಗೆ ಇಳಿಯಬೇಕು. ಕಂಪೈಲರ್ ಬರೆಯೋರೂ ಸುಮ್ಮನೆ ಕೂತಿಲ್ಲ. 2021ರ ಜಿಎಚ್‌ಸಿ 9.2ರಲ್ಲಿ, ಪ್ರೊಫೈಲಿಂಗ್‌ಗೆ ಅಂತ ಬೇರೆ ಕಂಪೈಲ್ ಮಾಡದೆಯೇ ಯಾವ ಸಾಲಿನಿಂದ ಹುಟ್ಟಿದ ವಸ್ತು ಮೆಮೊರಿ ತುಂಬಿದೆ ಅಂತ ತೋರಿಸೋ ವಿಧಾನ ಬಂತು. 2022ರ 9.4ರಲ್ಲಿ, ಚುರುಕು ಮಾಡೋ ಕೆಲಸ ಎಲ್ಲ ಮುಗಿದ ಮೇಲೆ ಕಾಸ್ಟ್ ಸೆಂಟರ್ ಕಟ್ಟೋ ಸೌಲಭ್ಯ ಬಂತು. ಪ್ರೊಫೈಲ್ ನೋಡಿ ರಿಪೇರಿ ಮಾಡಿದ ಮೇಲೆ, ಪ್ರೊಫೈಲಿಂಗ್ ಇಲ್ಲದ ಅಸಲಿ ಪ್ರೋಗ್ರಾಂ ಓಡಿಸಿ ಗಡಿಯಾರ ನೋಡಿ. ಗಡಿಯಾರ ಒಪ್ಪಿದರೆ ಮಾತ್ರ ರಿಪೇರಿ ಆಯ್ತು ಅನ್ನಿ. ತಕ್ಕಡಿಯಲ್ಲಿ ದೋಷ ಇದೆ ಅಂತ ತಿಳಿದು ತೂಗೋದು ಬೇರೆ, ದೋಷ ಇದೆ ಅಂತ ತೂಗೋದನ್ನೇ ಬಿಡೋದು ಬೇರೆ.

"ಏನೇ ಹೇಳಿ, ಇವೆಲ್ಲ ಕಾಲೇಜಿನಲ್ಲಿ ಆಟ ಆಡೋ ಭಾಷೆಗಳು" ಅನ್ನೋರ ಜೇಬಿನಲ್ಲೇ ಉತ್ತರ ಇದೆ. ನಿಮ್ಮ ಫೋನಿನಲ್ಲಿರೋ ವಾಟ್ಸ್ಆ್ಯಪ್‌ನ ಸರ್ವರ್‌ಗಳನ್ನ ಬರೆದದ್ದು ಎರ್ಲಾಂಗ್ ಅನ್ನೋ ಫಂಕ್ಷನಲ್ ಭಾಷೆಯಲ್ಲಿ. 2012ರಲ್ಲಿ ಅವರು ಒಂದೇ ಯಂತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಸಂಪರ್ಕ ನಿಭಾಯಿಸಿ ತೋರಿಸಿದರು. ಪುಣ್ಯ ಮಾಡಿ ಪಡೆದದ್ದಲ್ಲ ಅದು. ಎಲ್ಲೆಲ್ಲಿ ಒಂದು ಕೆಲಸ ಇನ್ನೊಂದಕ್ಕಾಗಿ ಕಾಯ್ತಾ ಕೂತಿದೆ ಅಂತ ಅಳೆದು, ಒಂದೊಂದೇ ಗಂಟು ಬಿಚ್ಚಿ ಪಡೆದದ್ದು. ಫೇಸ್‌ಬುಕ್ ತನ್ನಲ್ಲಿ ಬರೋ ಸ್ಪ್ಯಾಮ್ ಮತ್ತು ವಂಚನೆ ತಡೆಯೋ ಸಿಗ್ಮಾ ವ್ಯವಸ್ಥೆಯ ನಿಯಮಗಳನ್ನ ತನ್ನದೇ ಹಳೇ ಭಾಷೆಯಿಂದ ಹ್ಯಾಸ್ಕೆಲ್‌ಗೆ ಬದಲಿಸಿ, 2015ರಲ್ಲಿ ಲೆಕ್ಕ ಹೊರಗಿಟ್ಟಿತು: ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಕೋರಿಕೆ, ಮಾಮೂಲಿ ಹೊರೆಯಲ್ಲಿ ಶೇಕಡಾ 20ರಿಂದ 30ರಷ್ಟು ಹೆಚ್ಚು ಸಾಮರ್ಥ್ಯ. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲಿ ಆಟೋ ಕರೆಯೋಕೆ ನಾವು ಒತ್ತೋ ನಮ್ಮ ಯಾತ್ರಿ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲೇ ಇದೆ, ಕೋಡ್ ಯಾರು ಬೇಕಾದರೂ ಓದೋ ಹಾಗೆ ಹೊರಗಿಟ್ಟಿದ್ದಾರೆ. ಭಾಷೆ ನಿಧಾನ ಅನ್ನೋರು ಆಟೋ ಬರೋವರೆಗೆ ಕೂತು ಓದಬಹುದು.

ಹಾಗಂತ ಭಾಷೆ ಎಂದೂ ಬದಲಿಸಬಾರದು ಅಂತ ನನ್ನ ಮಾತಲ್ಲ. ಲಂಡನ್ನಿನ ಪುಷರ್ ಅನ್ನೋ ಕಂಪನಿ 2016ರಲ್ಲಿ ಹ್ಯಾಸ್ಕೆಲ್ ಬಿಟ್ಟು ಗೋ ಭಾಷೆಗೆ ಹೋಯ್ತು. ಅವರದ್ದು ಸಂದೇಶಗಳನ್ನ ತಕ್ಷಣ ತಲುಪಿಸೋ ಕೆಲಸ. ಒಂದು ಸಂದೇಶ ಕ್ಷಣ ತಡವಾದರೂ ಕಷ್ಟ, ಮೇಲೆ ಬಹಳಷ್ಟು ಸಂದೇಶ ಮೆಮೊರಿಯಲ್ಲಿ ಜೀವಂತ ಇಟ್ಟುಕೊಂಡಿರಬೇಕು. ಆಗಿನ ಜಿಎಚ್‌ಸಿ ಕಲೆಕ್ಟರ್ ಗುಡಿಸುವಾಗ ಪ್ರೋಗ್ರಾಂ ಪೂರ್ತಿ ನಿಲ್ಲಿಸ್ತಾ ಇತ್ತು, ಜೀವಂತ ಮೆಮೊರಿ ಹೆಚ್ಚಿದಷ್ಟೂ ನಿಲ್ಲೋ ಹೊತ್ತೂ ಹೆಚ್ಚು. ಅವರು ಆ ಹೊತ್ತನ್ನ ಅಳೆದರು, ಕಾರಣ ಕಂಡುಕೊಂಡರು, ಸಣ್ಣದೊಂದು ಪ್ರೋಗ್ರಾಂ ಬರೆದು ಅದೇ ಕಾರಣ ಅಂತ ಖಚಿತ ಮಾಡಿಕೊಂಡರು, ಎಲ್ಲವನ್ನೂ ಬಹಿರಂಗವಾಗಿ ಬರೆದರು. ಆಮೇಲೆ ಬಿಟ್ಟರು. ನಿಲ್ಲೋ ಹೊತ್ತು ಕಡಿಮೆ ಮಾಡೋ ಇನ್ನೊಂದು ಕಲೆಕ್ಟರ್ 2020ರ ಜಿಎಚ್‌ಸಿ 8.10ರಲ್ಲಿ ಬಂತು. ಪುಷರ್‌ನವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅಳೆದು ಬಿಟ್ಟವರು ಆ ಭಾಷೆಗೆ ಮಾಡಿದ ಉಪಕಾರ, ಅಳೆಯದೆ ಹೊಗಳಿಕೊಂಡು ಕೂತವರು ಮಾಡಿದ್ದಕ್ಕಿಂತ ದೊಡ್ಡದು.

ಇದೆಲ್ಲ ಬರೀ ಕಂಪ್ಯೂಟರಿನ ಸೆಕೆಂಡುಗಳ ಜಗಳ ಅಂದುಕೊಂಡರೆ ತಪ್ಪು. ಒಂದು ಹಳೇ ಪ್ರೋಗ್ರಾಂನ ಮೂಲೆಮೂಲೆಯಲ್ಲಿ ಅದನ್ನ ಬರೆದವರು ಪೆಟ್ಟು ತಿಂದು ಕಲಿತದ್ದು ಸೇರಿಕೊಂಡಿರುತ್ತೆ. ಈ ಬ್ಯಾಂಕಿನ ಫೈಲಿನಲ್ಲಿ ತಾರೀಕು ಹಿಂದುಮುಂದಾಗಿ ಬರುತ್ತೆ, ಆ ಗಿರಾಕಿಯ ಹೆಸರಿನ ಮಧ್ಯೆ ಅಲ್ಪವಿರಾಮ ಇರುತ್ತೆ, ಮಾರ್ಚ್ 31ರ ರಾತ್ರಿ ಎರಡು ಸಲ ಲೆಕ್ಕ ಬರುತ್ತೆ. ಇದನ್ನೆಲ್ಲ ಯಾವ ದಾಖಲೆಯಲ್ಲೂ ಬರೆದಿರಲ್ಲ, ಕೋಡಿನಲ್ಲಿ ಮಾತ್ರ ಇರುತ್ತೆ. ಕೋಡ್ ಎಸೆದರೆ ಅದೂ ಹೋಯ್ತು. ಹೊಸ ಭಾಷೆಯಲ್ಲಿ ಹೊಸಬರು ಅದೇ ಪೆಟ್ಟು ಮೊದಲಿಂದ ತಿನ್ನಬೇಕು, ಅಷ್ಟರವರೆಗೆ ಗಿರಾಕಿಗಳೂ ತಿನ್ನಬೇಕು. ಮತ್ತೆ ಆ ಕೋಡ್ ಬರೆದ ಹುಡುಗಿಯೋ ಹುಡುಗನೋ? ಅವರ ಅಪ್ರೈಸಲ್‌ನಲ್ಲಿ "ತಪ್ಪು ಟೆಕ್ನಾಲಜಿ ಆಯ್ಕೆ" ಅಂತ ಒಂದು ಸಾಲು ಬೀಳುತ್ತೆ. ತಪ್ಪು ಇದ್ದದ್ದು ಒಂದು ಇಂಪೋರ್ಟ್ ಸಾಲಿನಲ್ಲಿ ಅಂತ ಯಾರಿಗೂ ಗೊತ್ತೇ ಆಗಲ್ಲ. ನಾಳೆಯಿಂದ ಅವರು ಹೊಸದೇನನ್ನೂ ಮುಟ್ಟೋಕೆ ಹೋಗಲ್ಲ, ಎಲ್ಲರೂ ಬರೆದದ್ದನ್ನೇ ಬರೀತಾ ತೆಪ್ಪಗಿರ್ತಾರೆ. ಅಂದಾಜಿನ ಆಡಳಿತದಲ್ಲಿ ಗೆಲ್ಲೋದು ದನಿ ಜೋರಿರೋರು, ಸಂಬಳ ಜಾಸ್ತಿ ಇರೋರು. ಅಳತೆ ಇದ್ದರೆ ನಿನ್ನೆ ಸೇರಿದ ಹುಡುಗಿಯೂ ಕಾಗದ ತೋರಿಸಿ "ಸರ್, ಇಲ್ಲಿ ನೋಡಿ" ಅನ್ನಬಹುದು. ಪ್ರೊಫೈಲರ್ ಬೇಡ ಅನ್ನೋರಲ್ಲಿ ಕೆಲವರಿಗೆ ಅದೇ ಕಾರಣಕ್ಕೆ ಅದು ಬೇಡವಾಗಿರುತ್ತೆ ಅನ್ನೋ ಗುಮಾನಿ ನನ್ನದು.

ಹಾಗಾಗಿ ಮುಂದಿನ ಸಲ ಮೀಟಿಂಗಿನಲ್ಲಿ ಯಾರಾದರೂ "ಈ ಭಾಷೇನೇ ಸ್ಲೋ" ಅಂದರೆ ವಾದಕ್ಕೆ ಇಳೀಬೇಡಿ. ಪ್ರೊಫೈಲ್ ಎಲ್ಲಿ ಅಂತ ಕೇಳಿ. "ನಮ್ಮ ಕೋಡ್ ಸರಿಯಾಗೇ ಇದೆ" ಅನ್ನೋರನ್ನೂ ಅದನ್ನೇ ಕೇಳಿ. ಇಬ್ಬರ ಹತ್ತಿರವೂ ಇಲ್ಲ ಅಂದರೆ ಮೀಟಿಂಗ್ ಮುಂದಕ್ಕೆ ಹಾಕಿ, ಪ್ರೋಗ್ರಾಂ ಓಡಿಸಿ, ವರದಿ ತಗೊಂಡು ಮತ್ತೆ ಕೂತುಕೊಳ್ಳಿ. ಕೊನೆಗೆ ಭಾಷೆ ಬಿಡಬೇಕು ಅಂತಲೇ ಲೆಕ್ಕ ಹೇಳಿದರೆ ಬಿಡಿ, ನಾನೂ ಕೈಜೋಡಿಸ್ತೀನಿ. ಆ ವರದಿ ಬರೋವರೆಗೆ ಮಾತ್ರ ನಾಲಗೆಗೆ ಸ್ವಲ್ಪ ವಿರಾಮ ಕೊಡಿ.